ತಾತನ ಬಂಡಿ

ರಾಯಚೂರು ಸ್ಟೇಷನ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ರಾತ್ರಿ ಶಟರ್ ಎಳೆದ ಮೇಲೆ ಅದರ ಮೆಟ್ಟಿಲ ಮೇಲೆ ಒಬ್ಬ ತಾತ ಮಲಗುತ್ತಾರೆ. ರದ್ದಿ ಆಯುವವರು. ಕಳೆದ ಮಳೆಗಾಲದಲ್ಲಿ ಅವರನ್ನು ವಸತಿರಹಿತರ ಆಶ್ರಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಮಂಚ ಖಾಲಿ ಇತ್ತು. ಆದರೆ ಆಧಾರ್ ಕೇಳಿದರು. ತಾತನ ಕಾರ್ಡು ಚೀಲದ ಸಮೇತ ಕಳುವಾಗಿದೆ. ಹೊಸದು ಮಾಡಿಸೋಣ ಅಂದ್ರೆ ಬೆರಳು ಸವೆದು ಅಚ್ಚು ಬೀಳಲ್ಲ. ದಿನವಿಡೀ ಊರವರ ಆಧಾರ್ ಜೆರಾಕ್ಸ್ ಮಾಡುವವನು ನಾನು, ಏನು ಹೇಳಲಿ!

ಬೇಡಿಕೊಂಡ ಮೇಲೆ ಒಪ್ಪಿದರು. ಆಮೇಲೆ ತಳ್ಳೋ ಬಂಡಿಯ ತಕರಾರು. ಅದನ್ನು ಗೇಟಿನೊಳಗೆ ಬಿಡಲ್ಲವಂತೆ.

"ಹೊರಗ ಬಿಟ್ರ ಮುಂಜಾನಿ ಇರ್ತದೇನಪಾ?" ಅಂದರು ತಾತ. ಇಬ್ಬರೂ ವಾಪಸ್ ಬಂದೆವು.

2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದಲ್ಲಿ ನಗರದ 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಇಂಥ ಆಶ್ರಯ ಕೇಂದ್ರದಲ್ಲಿ ಜಾಗ, ಒಬ್ಬರಿಗೆ 50 ಚದರಡಿ ಅಂತಿತ್ತು. ಸಾಮಾನಿಗೆ ಲಾಕರ್ ಕೂಡ ಇರಬೇಕಿತ್ತಂತೆ. ಲಾಕರಿನಲ್ಲಿ ಬಂಡಿ ಹಿಡಿಸುತ್ತಾ? ಗೇಟಿನೊಳಗೆ ಒಂದು ಸರಪಳಿ, ಒಂದು ಬೀಗ ಸಾಕಿತ್ತು ಅಲ್ವಾ.

ಈಗ ಆ ಬಂಡಿಗೆ ನನ್ನ ಶಟರಿನ ಕೊಂಡಿಯಲ್ಲೇ ಬೀಗ. ತಾತ ಅದರ ಪಕ್ಕದಲ್ಲೇ ಮಲಗುತ್ತಾರೆ.