ಇಲ್ಲದ ತೂತಿನ ಹಿಂದೆ ಆರು ವಾರ

ಕಲ್ಲಿನಲ್ಲಿ ತೂತು ಹುಡುಕುವುದು ನನ್ನ ಕೆಲಸ. ಯಾರಾದರೂ ಕೇಳಿದರೆ ಹೀಗೇ ಹೇಳುತ್ತೇನೆ. ನಕ್ಕು ಸುಮ್ಮನಾಗುತ್ತಾರೆ.

ಕಲ್ಲು ಅಂದರೆ ಶೇಲ್. ಕಪ್ಪಗಿರುತ್ತದೆ, ಹಾಳೆ ಹಾಳೆಯಾಗಿ ಏಳುತ್ತದೆ, ಹೊಟ್ಟೆಯಲ್ಲಿ ಎಣ್ಣೆ, ಗ್ಯಾಸ್ ಇಟ್ಟುಕೊಂಡಿರುತ್ತದೆ. ಮರಳುಗಲ್ಲಿನ ತೂತು ಭೂತಗನ್ನಡಿಗೇ ಸಿಕ್ಕೀತು. ಶೇಲ್‌ನದು ನ್ಯಾನೋಮೀಟರ್ ಲೆಕ್ಕ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಮೀಥೇನ್ ಅಣುವಿನ ಅಗಲ ಸುಮಾರು 0.38 ನ್ಯಾನೋಮೀಟರ್. 2 ನ್ಯಾನೋಮೀಟರ್ ತೂತಿನಲ್ಲಿ ಐದು ಅಣು ಸಾಲಾಗಿ ನಿಂತರೆ ಜಾಗ ಮುಗಿಯಿತು. ಅದಕ್ಕಿಂತ ಸಣ್ಣದು ಮೈಕ್ರೋಪೋರ್, 2ರಿಂದ 50ರವರೆಗೆ ಮೀಸೋಪೋರ್, 50 ದಾಟಿದರೆ ಮ್ಯಾಕ್ರೋಪೋರ್. ಕಣ್ಣಿಗೆ ಕಾಣದ್ದನ್ನೂ 'ದೊಡ್ಡದು' ಅನ್ನುವ ಕಸುಬು ನಮ್ಮದು.

ಈ ಕೆಲಸಕ್ಕೆ ಬಂದ ಹೊಸದರಲ್ಲಿ ನನಗೆ ನೈಟ್ರೋಜನ್ ಯಂತ್ರ ಕೊಟ್ಟರು. ಕಲ್ಲನ್ನು ಪುಡಿ ಮಾಡಿ, ಕಾಯಿಸಿ ಒಳಗಿನ ತೇವ ತೆಗೆದು, ಮೈನಸ್ 196 ಡಿಗ್ರಿಯಲ್ಲಿ ನೈಟ್ರೋಜನ್ ಬಿಡಬೇಕು. ಒತ್ತಡ ಏರಿದಂತೆ ಗ್ಯಾಸ್ ತೂತಿನ ಗೋಡೆಗೆ ಅಂಟುತ್ತದೆ, ಆಮೇಲೆ ಅಲ್ಲೇ ದ್ರವವಾಗಿ ತುಂಬುತ್ತದೆ. ಒತ್ತಡ ಇಳಿಸಿದರೆ ಆಚೆ ಬರುತ್ತದೆ. ಯಾವ ಒತ್ತಡಕ್ಕೆ ಎಷ್ಟು ಹೋಯಿತು, ಎಷ್ಟು ಬಂತು ಅಂತ ನೋಡಿ ತೂತಿನ ಅಳತೆ ಹಾಕುವುದು.

ಯಾವ ಅಳತೆಯ ತೂತು ಎಷ್ಟಿದೆ ಅಂತ ತೋರಿಸುವ ನನ್ನ ಗ್ರಾಫಿನಲ್ಲಿ 3.8 ನ್ಯಾನೋಮೀಟರ್ ಹತ್ತಿರ ಚೂಪಾದ ಶಿಖರ ಎದ್ದಿತ್ತು. ಎಂಟು ಸ್ಯಾಂಪಲ್, ಎಂಟರಲ್ಲೂ ಅದೇ. ಆಳ ಬೇರೆ, ಕೆರೋಜೆನ್ (ಎಣ್ಣೆ, ಗ್ಯಾಸ್ ಹುಟ್ಟಿಸುವ, ಕಲ್ಲಿನೊಳಗಿನ ಜೈವಿಕ ಪದಾರ್ಥ) ಬೇರೆ, ಶಿಖರ ಮಾತ್ರ ಒಂದೇ ಕಡೆ. ಅನುಮಾನ ಬರಬೇಕಿತ್ತು, ಅಲ್ವಾ? ನನಗೆ ಬಂದದ್ದು ಖುಷಿ. ಕೆರೋಜೆನ್‌ಗೆ ಇಷ್ಟವಾದ ಒಂದು ಸೈಜ್ ಇದೆ ಅಂತ ಕತೆ ಕಟ್ಟಿ ಆರು ವಾರ ಸ್ಲೈಡ್ ಮಾಡಿದೆ. ಮೀಟಿಂಗಿನಲ್ಲಿ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಇದು ಒತ್ತಡ ಏರುವಾಗಿನ ಗೆರೆಯೋ, ಇಳಿಯುವಾಗಿನದೋ?" ಇಳಿಯುವಾಗಿನದು. "ಏರುವಾಗಿನದು ಹಾಕಿ." ಹಾಕಿದೆ. ಶಿಖರ ಮಾಯ!

ಆಗಿದ್ದು ಇಷ್ಟೇ. ಕಿರಿದಾದ ಬಾಯಿಯ ತೂತಿನೊಳಗೆ ನೈಟ್ರೋಜನ್ ಸಿಕ್ಕಿಕೊಂಡು ಕೂತಿರುತ್ತದೆ. ಒತ್ತಡ, ಆ ಚಳಿಯಲ್ಲಿ ನೈಟ್ರೋಜನ್ ತಾನಾಗಿ ದ್ರವವಾಗುವ ಒತ್ತಡದ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬಂದಾಗ ಆ ದ್ರವಕ್ಕೆ ತಡೆದುಕೊಳ್ಳಲು ಆಗುವುದಿಲ್ಲ. ಹೊಟ್ಟೆ ಎಷ್ಟೇ ದೊಡ್ಡದಿರಲಿ, ಎಲ್ಲಾ ಒಟ್ಟಿಗೆ ಕುದ್ದು ಹೊರಬೀಳುತ್ತದೆ. ಲೆಕ್ಕದ ಸೂತ್ರಕ್ಕೆ ಅದು ಗೊತ್ತಾಗುವುದಿಲ್ಲ, ಎಲ್ಲವನ್ನೂ 3.8ರ ಖಾತೆಗೆ ಬರೆಯುತ್ತದೆ. ನಾನು ಆರು ವಾರ ಅಳೆದದ್ದು ಕಲ್ಲನ್ನಲ್ಲ, ನೈಟ್ರೋಜನ್ನಿನ ಸ್ವಭಾವವನ್ನು.

ಬೇರೆ ಯಂತ್ರಗಳೂ ಹೀಗೇ. ಪಾದರಸವನ್ನು 60,000 ಪಿಎಸ್ಐವರೆಗೆ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ) ಒತ್ತಿ ನುಗ್ಗಿಸುತ್ತೇವೆ. ಅದು ಹೇಳುವುದು ತೂತಿನ ಬಾಯಿಯ ಅಳತೆ, ಹೊಟ್ಟೆಯದಲ್ಲ. ಮೇಲಾಗಿ ಅಷ್ಟು ಒತ್ತಡಕ್ಕೆ ಕಲ್ಲೇ ಅಮುಕಿಕೊಳ್ಳುತ್ತದೆ. ತೀರಾ ಸಣ್ಣ ತೂತಿಗೆ ನೈಟ್ರೋಜನ್ ಆ ಚಳಿಯಲ್ಲಿ ನುಗ್ಗಲಾರದು, ಹಾಗಾಗಿ ಸೊನ್ನೆ ಡಿಗ್ರಿಯಲ್ಲಿ ಕಾರ್ಬನ್ ಡೈಆಕ್ಸೈಡ್.

ಸುಮ್ನೆ ಕಣ್ಣಿಂದಲೇ ನೋಡಬಾರದಾ ಅಂದರೆ, ಅದಕ್ಕೂ ತುಂಬಾ ಕಾಲ ಹಿಡಿಯಿತು. ಕಲ್ಲನ್ನು ಮಾಮೂಲಿಯಾಗಿ ಉಜ್ಜಿ ನಯ ಮಾಡಿದರೆ ಉಜ್ಜುವಿಕೆಯೇ ಹೊಸ ತೂತು ಮಾಡಿಬಿಡುತ್ತದೆ. ಟೆಕ್ಸಾಸ್‌ನ ಬಾರ್ನೆಟ್ ಶೇಲನ್ನು ಆರ್ಗಾನ್ ಅಯಾನುಗಳಿಂದ (ವಿದ್ಯುದಾವೇಶ ಇರುವ ಆರ್ಗಾನ್ ಕಣಗಳಿಂದ) ಕೆತ್ತಿ, ರಾಬರ್ಟ್ ಲೌಕ್ಸ್ ಮತ್ತು ಜೊತೆಗಾರರು 2009ರಲ್ಲಿ ಚಿತ್ರ ಪ್ರಕಟಿಸಿದರು. ತೂತುಗಳಲ್ಲಿ ಜಾಸ್ತಿ ಪಾಲು ಖನಿಜದ ಕಣಗಳ ನಡುವೆ ಅಲ್ಲ, ಕೆರೋಜೆನ್ ಒಳಗೇ ಇತ್ತು, ಸ್ಪಂಜಿನ ಹಾಗೆ. ಎಣ್ಣೆ, ಗ್ಯಾಸ್ ಹುಟ್ಟುವಾಗ ಬಿಟ್ಟುಹೋದ ಜಾಗ ಅದು.

ಆದರೆ ಎಲ್ಲಾ ಕೆರೋಜೆನ್ ಹಾಗಿರುವುದಿಲ್ಲ. ಮೊನ್ನೆ ತೆಗೆದ ಚಿತ್ರವೊಂದರಲ್ಲಿ ಎರಡು ಕಪ್ಪು ತುಂಡುಗಳಿವೆ. ನಡುವಿನ ಅಂತರ ಒಂದು ಮೈಕ್ರಾನ್ ಕೂಡ ಇಲ್ಲ. ಬೆಂದದ್ದು ಒಂದೇ ಶಾಖದಲ್ಲಿ. ಒಂದರ ತುಂಬಾ ತೂತು, ಇನ್ನೊಂದು ಗಾಜಿನಂತೆ ನುಣುಪು. ಒಂದು ಹುಟ್ಟಿದಲ್ಲೇ ಉಳಿದ ಕೆರೋಜೆನ್, ಇನ್ನೊಂದು ಬೇರೆಡೆಯಿಂದ ಹರಿದು ಬಂದು ಗಟ್ಟಿಯಾದ ಬಿಟುಮೆನ್, ಅಂದರೆ ಡಾಂಬರಿನಂಥ ಪದಾರ್ಥ, ಇರಬಹುದು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಎರಡೂ ಒಂದೇ ಬಣ್ಣ. ಮುಂದಿನ ವಾರ ಅದೇ ತುಣುಕನ್ನು ಬೆಳಕಿನ ಮೈಕ್ರೋಸ್ಕೋಪಿನಡಿ ಇಡುತ್ತೇನೆ.

ಸ್ಲೈಡ್ ಇನ್ನೂ ಮಾಡಿಲ್ಲ.