ನೇರ ಅಂಚು ಕಂಡರೆ ಸಾಕಾ? ಸ್ಟಾಂಪ್ ಹರಾಜಿನ ಮೇಜಿನಿಂದ

ಜರ್ಮನಿಯ ಒಂದು ಸ್ಟಾಂಪ್ ಹರಾಜು ಸಂಸ್ಥೆಯಲ್ಲಿ ಲಾಟ್ (ಹರಾಜಿಗೆ ಒಟ್ಟಾಗಿ ಇಡುವ ವಸ್ತು) ವಿವರಣೆ ಬರೆಯೋದು ನನ್ನ ಕೆಲಸ. ಕ್ಯಾಟಲಾಗ್ ಪ್ರೆಸ್‌ಗೆ ಹೋಗುವ ದಿನ ಸಂಜೆ ಮ್ಯಾನೇಜರ್ ಒಂದು ಆಲ್ಬಂ ತಂದಿಟ್ಟರು. "ಬುಂಡ್, ಬುಕ್‌ಲೆಟ್ ಸ್ಟಾಂಪ್ ಸಂಗ್ರಹ ಅಂತ ಹಾಕಿ ಮುಗಿಸಿ. ಕೊಟ್ಟವರೇ ಪುಟದ ಮೇಲೆ ಬರೆದಿದ್ದಾರಲ್ಲ" ಅಂದರು. ಬುಂಡ್ ಅಂದರೆ ಜರ್ಮನಿಯ ಫೆಡರಲ್ ಗಣರಾಜ್ಯದ ಸ್ಟಾಂಪ್‌ಗಳು; ಬುಕ್‌ಲೆಟ್ ಅಂದರೆ ಹೊದಿಕೆಯೊಳಗೆ ಸ್ಟಾಂಪ್ ಇಟ್ಟು ಮಾರುವ ಪುಟ್ಟ ಪುಸ್ತಕ.

ಪುಟದ ಮೇಲಿನ ಪೆನ್ಸಿಲ್ ಬರಹ ನಂಬಿ ನಾನು ಯಾವ ಲಾಟನ್ನೂ ಕಳಿಸುವುದಿಲ್ಲ. 1977ರಲ್ಲಿ ಶುರುವಾದ ಕೋಟೆ-ಅರಮನೆ ಸರಣಿಯ ಪುಟ ತೆರೆದೆ. ಈ ಸರಣಿಯ ಎರಡು ಮಾರ್ಕಿನ ಬುಕ್‌ಲೆಟ್‌ನಲ್ಲಿ ಒಂದೇ ಪೇನ್ (ಸ್ಟಾಂಪ್‌ಗಳ ಪುಟ್ಟ ಹಾಳೆ): ಹತ್ತು ಫೆನ್ನಿಗ್‌ನವು (ನೂರು ಫೆನ್ನಿಗ್‌ಗೆ ಒಂದು ಮಾರ್ಕ್) ನಾಲ್ಕು, ಮೂವತ್ತರವು ಎರಡು, ಐವತ್ತರವು ಎರಡು. ಮೇಲೆ ಒಂದು ಸಾಲು, ಕೆಳಗೆ ಒಂದು ಸಾಲು. ಇದಕ್ಕೆ ಬೇರೆಯೇ ಹಾಳೆ ಅಚ್ಚು ಹಾಕುತ್ತಿದ್ದರು. ಒಂದು ಪೇನ್‌ಗೂ ಅದರ ಕೆಳಗಿನದಕ್ಕೂ ನಡುವೆ ಹಲ್ಲು (ಸ್ಟಾಂಪ್ ಹರಿದು ತೆಗೆಯಲು ಹೊಡೆದ ತೂತುಗಳ ಸಾಲು) ಇರುತ್ತಿರಲಿಲ್ಲ, ಅಲ್ಲಿ ಬ್ಲೇಡ್ ಓಡುತ್ತಿತ್ತು. ಹಾಗಾಗಿ ಮೇಲಿನ ಸಾಲಿನ ಸ್ಟಾಂಪ್‌ಗೆ ಮೇಲಂಚು ಮಾತ್ರ ನೇರ, ಕೆಳಸಾಲಿನದಕ್ಕೆ ಕೆಳಂಚು ಮಾತ್ರ. ಸ್ಟಾಂಪ್ ಸಂಗ್ರಾಹಕರು ಬಳಸುವ ಮಿಶೆಲ್ ಕ್ಯಾಟಲಾಗ್‌ನಲ್ಲಿ ಮೇಲಂಚು ನೇರವಿರುವುದಕ್ಕೆ ಸಿ, ಕೆಳಂಚು ನೇರವಿರುವುದಕ್ಕೆ ಡಿ ಅನ್ನುತ್ತಾರೆ. ಪಕ್ಕದ ಅಂಚುಗಳಲ್ಲಿ ಹಲ್ಲು ಇರಲೇಬೇಕು.

ಆಲ್ಬಂನಲ್ಲಿ ಈ ಸರಣಿಯ ನೊಯ್‌ಶ್ವಾನ್‌ಸ್ಟೈನ್ ಅರಮನೆಯ ಸ್ಟಾಂಪ್ ಒಂದಿತ್ತು, ಐವತ್ತು ಫೆನ್ನಿಗ್. ಬಲಗಡೆ ಅಂಚು ನೇರ. ಮೇಲೆ, ಕೆಳಗೆ ಹಲ್ಲು. ಇದು ಬುಕ್‌ಲೆಟ್‌ನಿಂದ ಬರೋಕೆ ಸಾಧ್ಯವೇ ಇಲ್ಲ. ಮಸೂರ ಇಟ್ಟು ನೋಡಿದರೆ ಕತ್ತರಿ ಎರಡು ಸಲ ಆಡಿದ್ದು ಕಾಣುತ್ತಿತ್ತು, ಮಧ್ಯದಲ್ಲಿ ಸಣ್ಣ ಕೊಂಕು. ಬುಕ್‌ಲೆಟ್‌ನದು ಅಂತ ತೋರಿಸೋಕೆ ಯಾರೋ ಮಾಮೂಲಿ ಸ್ಟಾಂಪಿನ ಹಲ್ಲು ಕತ್ತರಿಸಿದ್ದರು.

ಆಮೇಲೆ ಒಂದೊಂದನ್ನೂ ಹಾಳೆಯಿಂದ ಬಂದ ಮಾಮೂಲಿ ಸ್ಟಾಂಪ್ ಪಕ್ಕ ಇಟ್ಟೆ. ಹಲ್ಲು ಕತ್ತರಿಸಿ ಮಾಡಿದ್ದು ಸಾಮಾನ್ಯವಾಗಿ ಗಿಡ್ಡವಾಗಿರುತ್ತದೆ, ಚಿತ್ರದ ಮೇಲಿನ ಬಿಳಿ ಪಟ್ಟಿ ಸಣ್ಣದಾಗಿರುತ್ತದೆ. ಮ್ಯಾನೇಜರ್ ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದರು. ಪ್ರೆಸ್‌ನವರು ಫೋನ್ ಮಾಡುತ್ತಲೇ ಇದ್ದರು. ನಾನು ತಲೆ ಎತ್ತಲಿಲ್ಲ. ಗಿಡ್ಡವು ಇನ್ನೂ ಕೆಲವು ಸಿಕ್ಕವು. ಸಂಗ್ರಹ ಕೊಟ್ಟವರೇ ಕತ್ತರಿಸಿರಬಹುದಾ ಅನ್ನೋ ಅನುಮಾನ ಬಂದಿತ್ತು. ಫೋನ್ ಮಾಡಿದಾಗ ಅವರು ಪಟ್ಟ ಸಂಕಟ ಕೇಳಿ ಆ ಅನುಮಾನ ಹೋಯಿತು. ಬಿಡಿಬಿಡಿಯಾಗಿ ದುಡ್ಡು ಕೊಟ್ಟು ಕೊಂಡಿದ್ದರು, ಪಾಪ.

ಆಲ್ಬಂನ ಹಿಂದಿನ ಪುಟದಲ್ಲಿ ಗೆರ್ಮಾನಿಯಾ (ಹಳೆಯ ಜರ್ಮನ್ ಸ್ಟಾಂಪ್ ಸರಣಿ) ಪೇನ್ ಒಂದಿತ್ತು, ತಂತಿ ಪಿನ್ನು ಹೊಡೆದ ಹೊದಿಕೆಯ ಸಮೇತ. "ಬಿಚ್ಚಿದರೆ ಸ್ಕ್ಯಾನ್ ಚಪ್ಪಟೆ ಬರುತ್ತೆ" ಅಂತ ಮ್ಯಾನೇಜರ್. ಆಗುವುದಿಲ್ಲ ಅಂದೆ. ಆ ತಂತಿ ಪಿನ್ನು, ಅದರ ತುಕ್ಕು, ಅಂಚಿನ ಖಾಲಿ ಪಟ್ಟಿಯಲ್ಲಿರುವ ತೂತು, ಇವೇ ಅಲ್ವಾ ಪೇನ್ ಆ ಹೊದಿಕೆಯದ್ದೇ ಅಂತ ಹೇಳುವುದು? ಬಿಚ್ಚಿದರೆ ಬುಕ್‌ಲೆಟ್ ಹೋಯಿತು, ಒಂದು ಬಿಡಿ ಪೇನ್ ಉಳಿಯಿತು, ಅಷ್ಟೇ.

ಕೊನೆಗೆ ಲಾಟ್ ಹೋದದ್ದು ಹೀಗೆ: "ಬುಂಡ್ ಸಂಗ್ರಹ, ಕೆಲವು ಸಿ/ಡಿ ಸ್ಟಾಂಪ್‌ಗಳೊಂದಿಗೆ, ಕತ್ತರಿಸಿದ ಅಂಚಿನವು ಲೆಕ್ಕಕ್ಕಿಲ್ಲ." ಗೆರ್ಮಾನಿಯಾ ಬುಕ್‌ಲೆಟ್ ಪ್ರತ್ಯೇಕ ಲಾಟ್ ಆಯಿತು. ಆರಂಭದ ಬೆಲೆ ಇಳಿಯಿತು, ಮ್ಯಾನೇಜರ್ ಮುಖವೂ ಇಳಿಯಿತು.

ಸ್ಕ್ಯಾನರ್ ಬಗ್ಗೆಯೂ ಹೇಳಬೇಕು. ಅದರ ಆಟೋ ಕ್ರಾಪ್ ಅಂಚನ್ನೇ ತಿಂದುಬಿಡುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಹಲ್ಲೂ ಕಾಣುವುದಿಲ್ಲ, ಕತ್ತರಿ ಗುರುತೂ ಕಾಣುವುದಿಲ್ಲ. ಕ್ರಾಪ್ ತೆಗೆಯಿರಿ, ಕಪ್ಪು ಹಿನ್ನೆಲೆ ಕೊಡಿ ಅಂತ ಮತ್ತೆ ಮತ್ತೆ ಕೇಳಿದ್ದೇನೆ. "ಟೈಮ್ ಜಾಸ್ತಿ ಹಿಡಿಯುತ್ತೆ" ಅನ್ನುತ್ತಾರೆ. ಸದ್ಯಕ್ಕೆ ಬುಕ್‌ಲೆಟ್ ಲಾಟ್‌ಗಳನ್ನು ಊಟದ ಬಿಡುವಿನಲ್ಲಿ ನಾನೇ ಸ್ಕ್ಯಾನ್ ಮಾಡುತ್ತಿದ್ದೇನೆ.