ಎರಡನೇ ಸಲ ಕೇಳಿದಾಗ

ಎರಡು ವರ್ಷದ ಹಿಂದೆ ಒಂದು ಚಿಕ್ಕ ಆಲ್ಬಮ್ ಬಗ್ಗೆ ವಿಮರ್ಶೆ ಬರೆದಿದ್ದೆ. ಹಾಡುಗಾರ್ತಿ ತನ್ನ ದುಡ್ಡಿನಲ್ಲೇ, ಮನೆಯಲ್ಲೇ ರೆಕಾರ್ಡ್ ಮಾಡಿದ್ದು. ದನಿ ತುಂಬಾ ಹಿಂದೆ ಉಳಿದಿದೆ, ಮಿಕ್ಸಿಂಗ್ (ದನಿ, ವಾದ್ಯಗಳನ್ನು ಹೊಂದಿಸಿದ ರೀತಿ) ಸರಿಯಿಲ್ಲ ಅಂತ ಬರೆದು ಮುಗಿಸಿದೆ. ಕೇಳಿದ್ದು ಒಂದೇ ಸಲ, ಅದೂ ಬೇರೆ ಕೆಲಸ ಮಾಡುತ್ತಾ.

ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಮೂರನೇ ಹಾಡಿನಲ್ಲಿ ಸಾಲು ಶುರುವಾಗುವ ಮೊದಲು ಆಕೆ ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ತಂತಿಯ ಮೇಲೆ ಬೆರಳು ಜಾರುವ ಸದ್ದು ಕೂಡ. ಪಕ್ಕದ ಕೋಣೆಯಲ್ಲಿ ಯಾರೋ ತಮ್ಮಷ್ಟಕ್ಕೆ ತಾವು ಹಾಡಿಕೊಳ್ಳುತ್ತಿರುವ ಹಾಗೆ. ದನಿಯನ್ನು ಬೇಕಂತಲೇ ಹಿಂದೆ ಇಟ್ಟಿದ್ದಾರೆ. ನನಗೆ ಅವತ್ತು ಅದು ಕೇಳಿಸಲೇ ಇಲ್ಲ.

ಇಂಗ್ಲೆಂಡಿನ ಹಾಡುಗಾರ ನಿಕ್ ಡ್ರೇಕ್ ನೆನಪಾದರು. 1972ರಲ್ಲಿ ಬಂದ ಅವರ 'ಪಿಂಕ್ ಮೂನ್' ಆಲ್ಬಮ್ ಬರೀ 28 ನಿಮಿಷದ್ದು. ಒಂದು ದನಿ, ಒಂದು ಗಿಟಾರ್, ಒಂದೇ ಹಾಡಿನಲ್ಲಿ ಸ್ವಲ್ಪ ಪಿಯಾನೋ. ಆಗ ಕೊಂಡವರು ತೀರಾ ಕಮ್ಮಿ. 1974ರಲ್ಲಿ, 26ನೇ ವಯಸ್ಸಿಗೇ ಅವರು ತೀರಿಕೊಂಡರು. ಜನ ಹುಡುಕಿಕೊಂಡು ಬಂದಿದ್ದು ಎಷ್ಟೋ ವರ್ಷ ಆದಮೇಲೆ.

ದೊಡ್ಡ ಸಿನಿಮಾಗೆ ರಾಶಿ ವಿಮರ್ಶೆ ಬರುತ್ತವೆ, ಒಂದು ಅವಸರದ್ದಾದರೂ ನಡೆಯುತ್ತದೆ. ಕೈಯಿಂದ ದುಡ್ಡು ಹಾಕಿ ಆಲ್ಬಮ್ಮೋ ಪುಸ್ತಕವೋ ಹೊರತಂದವರಿಗೆ ಸಿಗುವುದೇ ಒಂದೋ ಎರಡೋ. ಹಾಗಂತ ಸುಮ್ನೆ ಹೊಗಳುವುದು ನನ್ನಿಂದಾಗದು. ಆದರೆ ಕಿವಿಗೊಟ್ಟು ಕೇಳಬೇಕಿತ್ತು ಅಲ್ವಾ?

ಆ ಬರಹದ ಕೆಳಗೆ ಇವತ್ತು ನಾಲ್ಕು ಸಾಲು ಹೊಸದಾಗಿ ಸೇರಿಸಿದೆ. ಹಳೆಯದನ್ನು ಅಳಿಸಿಲ್ಲ.